ಲಂಡನ್ನಿನಲ್ಲಿ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಪದವಿ ಮುಗಿಸಿ ಲಂಡನ್ನಿನಲ್ಲಿ ಎಂಬಿಎ ಅಥವಾ ಮ್ಯಾನೇಜ್‌ಮೆಂಟ್ ಎಂಎಸ್ಸಿ ಮಾಡಬೇಕೆಂದಿರುವವರು ಮತ್ತು ಅವರ ತಂದೆ ತಾಯಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ವೀಸಾ ಶುಲ್ಕ ಹಾಗೂ ನಿಯಮಗಳು ಪ್ರತಿ ವರ್ಷವೂ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಬ್ರಿಟಿಷ್ ಸರಕಾರದ ಜಾಲತಾಣದಲ್ಲಿ ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡಿಕೊಳ್ಳಬೇಕು.

ಎಂಬಿಎ ಮಾಡಬೇಕೇ, ಎಂಎಸ್ಸಿ ಮಾಡಬೇಕೇ?

ಇದನ್ನು ನಿಮ್ಮ ಇಷ್ಟಕ್ಕಿಂತ ಹೆಚ್ಚಾಗಿ ನಿಮ್ಮ ಕೆಲಸದ ಅನುಭವವೇ ತೀರ್ಮಾನಿಸುತ್ತದೆ. ಭಾರತದಲ್ಲಿ ಬಿಕಾಂ ಅಥವಾ ಬಿಇ ಮುಗಿಸಿದ ಕೂಡಲೇ ಎಂಬಿಎ ಸೇರುವುದು ರೂಢಿಯಾಗಿದ್ದರೂ, ಲಂಡನ್ನಿನ ಒಳ್ಳೆಯ ಸಂಸ್ಥೆಗಳಲ್ಲಿ ಎಂಬಿಎ ಎಂದರೆ ಕನಿಷ್ಠ ಮೂರು ವರ್ಷ ದುಡಿದವರಿಗಾಗಿ ಇರುವ ಕೋರ್ಸ್. ಎಂಬಿಎ ಕೋರ್ಸ್‌ಗಳಿಗೆ ಮಾನ್ಯತೆ ನೀಡುವ, ಲಂಡನ್ನಿನಲ್ಲೇ ಕಚೇರಿ ಹೊಂದಿರುವ ಆಂಬಾ ಸಂಸ್ಥೆ ಕೂಡ ಇಷ್ಟು ಅನುಭವವನ್ನು ನಿರೀಕ್ಷಿಸುತ್ತದೆ. ಅನುಭವವಿಲ್ಲದವರಿಗೆ ಇರುವುದು ಎಂಎಸ್ಸಿ ಮ್ಯಾನೇಜ್‌ಮೆಂಟ್, ಮಾಸ್ಟರ್ಸ್ ಇನ್ ಮ್ಯಾನೇಜ್‌ಮೆಂಟ್, ಇಲ್ಲವೇ ಹಣಕಾಸು, ಮಾರ್ಕೆಟಿಂಗ್, ಬಿಸಿನೆಸ್ ಅನಲಿಟಿಕ್ಸ್ ಮುಂತಾದ ನಿರ್ದಿಷ್ಟ ವಿಷಯಗಳ ಎಂಎಸ್ಸಿ. ಅನುಭವವನ್ನೇ ಕೇಳದೆ ಎಂಬಿಎ ಕೊಡುತ್ತೇವೆ ಎನ್ನುವ ಸಂಸ್ಥೆಗಳೂ ಉಂಟು. ಅಂಥ ತರಗತಿಯಲ್ಲಿ ಪಕ್ಕದಲ್ಲಿ ಕೂರುವವರಿಗೂ ಅನುಭವವಿರುವುದಿಲ್ಲ. ಎಂಬಿಎಯಲ್ಲಿ ಸಹಪಾಠಿಗಳಿಂದ ಕಲಿಯುವುದೇ ಅರ್ಧ ಪಾಠವಾದ್ದರಿಂದ ಅದಕ್ಕೆ ಹಣ ಸುರಿಯುವುದು ಜಾಣತನವಲ್ಲ ಎಂಬುದು ನಮ್ಮ ಅಭಿಪ್ರಾಯ.

ಲಂಡನ್ನಿನ ಯಾವ ಸಂಸ್ಥೆಗಳನ್ನು ನೋಡಬಹುದು?

1964ರಲ್ಲಿ ಸ್ಥಾಪನೆಯಾದ, ರೀಜೆಂಟ್ಸ್ ಪಾರ್ಕಿನ ಅಂಚಿನಲ್ಲಿರುವ ಲಂಡನ್ ಬಿಸಿನೆಸ್ ಸ್ಕೂಲಿನ ಎಂಬಿಎಯನ್ನು 15, 18 ಅಥವಾ 21 ತಿಂಗಳಲ್ಲಿ ಮುಗಿಸಬಹುದು. ಸೌತ್ ಕೆನ್ಸಿಂಗ್ಟನ್‌ನ ಇಂಪೀರಿಯಲ್ ಬಿಸಿನೆಸ್ ಸ್ಕೂಲ್ ಮತ್ತು ಹಣಕಾಸು ಕೇಂದ್ರವಾದ ಸಿಟಿಗೆ ಹತ್ತಿರದ ಬೇಯ್ಸ್ ಬಿಸಿನೆಸ್ ಸ್ಕೂಲ್ ಒಂದು ವರ್ಷದ ಎಂಬಿಎ ನೀಡುತ್ತವೆ; 2021ರವರೆಗೆ ಬೇಯ್ಸ್‌ನ ಹೆಸರು ಕ್ಯಾಸ್ ಎಂದಿತ್ತು. ಯೂನಿವರ್ಸಿಟಿ ಕಾಲೇಜ್ ಲಂಡನ್ (ಯುಸಿಎಲ್) ಸಂಸ್ಥೆಯ ಮ್ಯಾನೇಜ್‌ಮೆಂಟ್ ವಿಭಾಗ ಬ್ಯಾಂಕುಗಳ ಬೀಡಾದ ಕ್ಯಾನರಿ ವಾರ್ಫ್‌ನಲ್ಲೂ, ಕಿಂಗ್ಸ್ ಬಿಸಿನೆಸ್ ಸ್ಕೂಲ್ ಒಂದು ಕಾಲಕ್ಕೆ ಬಿಬಿಸಿ ವಿಶ್ವ ಸೇವೆಯ ನೆಲೆಯಾಗಿದ್ದ ಬುಷ್ ಹೌಸ್‌ನಲ್ಲೂ ಇವೆ. ಡಾ. ಬಿ.ಆರ್. ಅಂಬೇಡ್ಕರ್ ಅವರು 1921ರಲ್ಲಿ ಎಂಎಸ್ಸಿಯನ್ನೂ 1923ರಲ್ಲಿ ಡಿಎಸ್ಸಿಯನ್ನೂ ಪಡೆದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮ್ಯಾನೇಜ್‌ಮೆಂಟ್ ವಿಷಯದ ಹಲವು ಸ್ನಾತಕೋತ್ತರ ಕೋರ್ಸ್‌ಗಳಿವೆ. ಆದರೆ ಈಗಷ್ಟೇ ಪದವಿ ಮುಗಿಸಿದವರು ಎಂಬಿಎ ಹುಡುಕಿಕೊಂಡು ಅಲ್ಲಿಗೆ ಹೋಗುವ ಹಾಗಿಲ್ಲ. ಅಲ್ಲಿರುವ ಟ್ರಯಂ ಎಂಬ ಕೋರ್ಸ್ ಹಿರಿಯ ಅಧಿಕಾರಿಗಳಿಗಾಗಿ ನ್ಯೂಯಾರ್ಕ್ ಮತ್ತು ಪ್ಯಾರಿಸ್ಸಿನ ಸಂಸ್ಥೆಗಳ ಜೊತೆಗೂಡಿ ನಡೆಸುವಂಥದ್ದು.

ಇವಲ್ಲದೆ, ಇಂಗ್ಲೆಂಡಿನ ಬೇರೆ ಊರುಗಳ ಹಲವು ವಿಶ್ವವಿದ್ಯಾಲಯಗಳು ಲಂಡನ್ನಿನಲ್ಲಿ ಶಾಖೆಗಳನ್ನು ತೆರೆದಿವೆ. ಪದವಿ ಪ್ರಮಾಣಪತ್ರ ಮೂಲ ವಿಶ್ವವಿದ್ಯಾಲಯದ್ದೇ ಆದರೂ ಗ್ರಂಥಾಲಯ, ಅಧ್ಯಾಪಕ ವರ್ಗ, ಉದ್ಯೋಗ ಮಾರ್ಗದರ್ಶನ ಕಚೇರಿ ಇವೆಲ್ಲ ಶಾಖೆಯಲ್ಲಿ ಎಷ್ಟರ ಮಟ್ಟಿಗಿವೆ ಎಂಬುದನ್ನು ಅಲ್ಲಿ ಈಗ ಓದುತ್ತಿರುವವರಿಂದ ಕೇಳಿ ತಿಳಿಯದೆ ಠೇವಣಿ ಕಟ್ಟಬಾರದು.

ಎಷ್ಟು ಅಂಕ ಬೇಕು? ಜಿಮ್ಯಾಟ್, ಐಇಎಲ್‌ಟಿಎಸ್ ಕಡ್ಡಾಯವೇ?

ಹೆಚ್ಚಿನ ಸಂಸ್ಥೆಗಳು ಕೇಳುವುದು ಬ್ರಿಟನ್ನಿನ ಮೇಲ್ದರ್ಜೆಯ ದ್ವಿತೀಯ ಶ್ರೇಣಿಗೆ ಸಮನಾದ ಪದವಿಯನ್ನು. ನಿಮ್ಮ ವಿಶ್ವವಿದ್ಯಾಲಯ ಯಾವುದು ಎಂಬುದರ ಮೇಲೆ ಇದು ಶೇ 60ರ ಆಸುಪಾಸಿನಿಂದ ಹಿಡಿದು ಅದಕ್ಕಿಂತ ಸಾಕಷ್ಟು ಮೇಲಿನವರೆಗೂ ಆಗಬಹುದು. ಲಂಡನ್ ಬಿಸಿನೆಸ್ ಸ್ಕೂಲಿನ ಎಂಬಿಎಗೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕ ಬೇಕೇ ಬೇಕು. ಈಗಿನ ಜಿಮ್ಯಾಟ್‌ನ ಅಂಕಗಳು 205ರಿಂದ 805ರ ನಡುವೆ ಇರುವುದರಿಂದ ಹಳೆಯ 800ರ ಲೆಕ್ಕದ ಸಲಹೆಗಳನ್ನು ಈಗ ನಂಬಬಾರದು. ಹಲವು ಎಂಎಸ್ಸಿ ಕೋರ್ಸ್‌ಗಳಿಗೆ ಈ ಪರೀಕ್ಷೆಯೇ ಬೇಡ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್ ಬದಲು ಪಿಯುಸಿ ಅಥವಾ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುವ ವಿಶ್ವವಿದ್ಯಾಲಯಗಳಿವೆ, ಒಪ್ಪದವೂ ಇವೆ. ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿಯೇ ಪಡೆದುಕೊಳ್ಳಿ.

ಕನ್ಸಲ್ಟೆನ್ಸಿಯವರು ಶುಲ್ಕವನ್ನೇ ಕೇಳುವುದಿಲ್ಲ. ಅವರ ಮೂಲಕ ಹೋಗಬಹುದೇ?

ಹೋಗಬಹುದು, ಆದರೆ ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಲಿ. ವಿದ್ಯಾರ್ಥಿ ಸೇರಿದ ಮೇಲೆ ವಿಶ್ವವಿದ್ಯಾಲಯವೇ ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಹೀಗಾಗಿ ಅವರು ಮುಂದಿಡುವ ಪಟ್ಟಿಯಲ್ಲಿ ಅವರೊಂದಿಗೆ ಒಪ್ಪಂದವಿರುವ ಸಂಸ್ಥೆಗಳೇ ಮೊದಲು ಬರುವುದು ಸಹಜ. ದಾಖಲೆ ಜೋಡಿಸುವುದಕ್ಕೆ ಅವರ ನೆರವು ಪಡೆಯಿರಿ, ಸಂಸ್ಥೆಯ ಆಯ್ಕೆಯನ್ನು ಮಾತ್ರ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಕೋರ್ಸ್ ಶುಲ್ಕ ಬಿಟ್ಟು ಇನ್ನೇನು ಖರ್ಚು ಬರುತ್ತದೆ?

ಶುಲ್ಕ ಕೋರ್ಸ್‌ನಿಂದ ಕೋರ್ಸ್‌ಗೆ ಅಜಗಜಾಂತರವಾಗಿ ಬದಲಾಗುವುದರಿಂದ ಅದನ್ನು ಆಯಾ ಸಂಸ್ಥೆಯ ಪುಟದಲ್ಲೇ ನೋಡಬೇಕು. ಮನೆಮಂದಿ ಲೆಕ್ಕ ಹಾಕುವಾಗ ಬಿಟ್ಟುಹೋಗುವುದು ಉಳಿದ ಬಾಬ್ತುಗಳು. 2025ರ ಏಪ್ರಿಲ್‌ನಿಂದ ವಿದ್ಯಾರ್ಥಿ ವೀಸಾ ಅರ್ಜಿಗೆ 524 ಪೌಂಡ್ ಇತ್ತು. ಅದರ ಮೇಲೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸ್ ಎಂದುಕೊಂಡು 776 ಎಂದು ಬರೆದುಕೊಂಡವರಿಗೆ ಆನ್‌ಲೈನ್ ಅರ್ಜಿಯ ಕೊನೆಯ ಪುಟದಲ್ಲಿ 1,164 ಪೌಂಡ್ ಕಾಣಿಸುತ್ತದೆ. ಕಾರಣ, ಹನ್ನೆರಡು ತಿಂಗಳ ಕೋರ್ಸ್‌ಗೆ ಮೊದಲಿನ ಒಂದು ತಿಂಗಳನ್ನೂ ನಂತರದ ನಾಲ್ಕು ತಿಂಗಳನ್ನೂ ಸೇರಿಸಿ ವೀಸಾ ಕೊಡುತ್ತಾರೆ. ಹೆಚ್ಚುವರಿ ಅವಧಿ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಅದಕ್ಕೆ ಅರ್ಧ ಸರ್‌ಚಾರ್ಜ್. ಈ ಹಣ ಕಟ್ಟಿದವರಿಗೆ ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಬಿಲ್ ಇರುವುದಿಲ್ಲವಾದ್ದರಿಂದ, ಬಂದ ಮೊದಲ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರ, ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸುವುದು ಒಳ್ಳೆಯದು. ಭಾರತದಿಂದ ಹೋಗುವವರು ನಿಗದಿತ ಕೇಂದ್ರದಲ್ಲಿ ಕ್ಷಯ ರೋಗದ ತಪಾಸಣೆಯನ್ನೂ ಮಾಡಿಸಬೇಕು. ಆ ಪ್ರಮಾಣಪತ್ರ ಆರು ತಿಂಗಳ ಮಟ್ಟಿಗೆ ಊರ್ಜಿತ.

ಸಾಲ ರೂಪಾಯಿಯಲ್ಲಿ, ಶುಲ್ಕ ಪೌಂಡ್‌ನಲ್ಲಿ. ಎರಡನೆಯ ಕಂತು ಕಟ್ಟುವ ಹೊತ್ತಿಗೆ ಪೌಂಡ್ ನಾಲ್ಕಾರು ರೂಪಾಯಿ ಏರಿದ್ದರೂ ಲಕ್ಷಗಳ ಲೆಕ್ಕದಲ್ಲಿ ವ್ಯತ್ಯಾಸವಾಗುತ್ತದೆ. ಸ್ವಂತ ಹಣವನ್ನು ಕಳುಹಿಸುವವರು, ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ ಮೂಲದಲ್ಲೇ ತೆರಿಗೆ ವಸೂಲಿ ಮಾಡುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಆಗಸ್ಟ್‌ನಲ್ಲಿ ಕೈಯಿಂದ ಹೋಗುವುದಂತೂ ಹೋಗುತ್ತದೆ. ಅಧಿಕೃತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದ ಹಣಕ್ಕೆ ಈ ವಸೂಲಿ ಇಲ್ಲ.

ವೀಸಾಕ್ಕೆ ಬ್ಯಾಂಕಿನಲ್ಲಿ ಎಷ್ಟು ಹಣ ತೋರಿಸಬೇಕು, ಹೇಗೆ ತೋರಿಸಬೇಕು?

ಅರ್ಜಿಗಳು ತಿರಸ್ಕೃತವಾಗುವುದಕ್ಕೆ ಹೆಚ್ಚು ಎಡೆಯಿರುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮೊದಲ ವರ್ಷದ ಶುಲ್ಕದಲ್ಲಿ ಇನ್ನೂ ಕಟ್ಟಬೇಕಾಗಿರುವ ಮೊತ್ತ ಮತ್ತು ಲಂಡನ್ನಿನಲ್ಲಿ ಓದುವವರಾದರೆ ತಿಂಗಳಿಗೆ 1,529 ಪೌಂಡ್‌ನಂತೆ ಒಂಬತ್ತು ತಿಂಗಳ ಜೀವನ ವೆಚ್ಚ, ಅಂದರೆ 13,761 ಪೌಂಡ್, ಎರಡೂ ಸೇರಿದ ಹಣ ಖಾತೆಯಲ್ಲಿರಬೇಕು. ಇದು 2025ರ ನವೆಂಬರ್‌ನಿಂದ ಜಾರಿಗೆ ಬಂದ ದರ.

ಈ ಹಣ ಸತತ 28 ದಿನ ಖಾತೆಯಲ್ಲಿದ್ದು, ಆ ಅವಧಿಯ ಕೊನೆಯ ದಿನ ನೀವು ಅರ್ಜಿ ಸಲ್ಲಿಸುವುದಕ್ಕೆ ಹಿಂದಿನ 31 ದಿನಗಳ ಒಳಗೆ ಬರಬೇಕು. ಹದಿನೈದನೆಯ ದಿನ ಮನೆಯ ಯಾವುದೋ ಇಎಂಐ ಕಡಿತವಾಗಿ ಮೊತ್ತ ಒಂದು ಸಾವಿರ ರೂಪಾಯಿಯಷ್ಟು ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಆದ್ದರಿಂದ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹಾಕಿ, ಆ ಖಾತೆಯನ್ನು ಬೇರೆ ವ್ಯವಹಾರಕ್ಕೆ ಬಳಸದೆ ಬಿಡುವುದು ಕ್ಷೇಮ.

ಖಾತೆ ಯಾರದು ಎಂಬುದೂ ಅಷ್ಟೇ ಮುಖ್ಯ. ವಿದ್ಯಾರ್ಥಿಯದು ಅಥವಾ ತಂದೆ ತಾಯಿಯದು ನಡೆಯುತ್ತದೆ. ತಂದೆ ತಾಯಿಯದಾದರೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಚಿಕ್ಕಪ್ಪನೋ ಸೋದರಮಾವನೋ ಎಷ್ಟೇ ಅಕ್ಕರೆಯಿಂದ ಮುಂದೆ ಬಂದರೂ ಅವರ ಹೆಸರಿನ ಪಾಸ್‌ಬುಕ್ ಕೆಲಸಕ್ಕೆ ಬಾರದು. ಅವರು ಸಹಾಯ ಮಾಡುವುದಾದರೆ ಹಣ 28 ದಿನಕ್ಕೆ ಮೊದಲೇ ನಿಮ್ಮ ಖಾತೆಗೆ ಬಂದಿರಬೇಕು. ಷೇರು, ಭವಿಷ್ಯ ನಿಧಿ, ಚಿನ್ನ, ಸೈಟು ಇವು ಲೆಕ್ಕಕ್ಕಿಲ್ಲ. ಊರಿನ ಪತ್ತಿನ ಸಹಕಾರ ಸಂಘದ ಠೇವಣಿಯನ್ನು ನೆಚ್ಚಿಕೊಳ್ಳುವುದೂ ಬೇಡ, ಏಕೆಂದರೆ ಹಣವಿರುವ ಸಂಸ್ಥೆ ಹಣಕಾಸು ನಿಯಂತ್ರಕರ ಅಧೀನದಲ್ಲಿದ್ದು ಅದರ ದಾಖಲೆಗಳನ್ನು ಪರಿಶೀಲಿಸುವಂತಿರಬೇಕು ಎಂಬುದು ನಿಯಮ.

ಶಿಕ್ಷಣ ಸಾಲಕ್ಕೆ ಅಡಮಾನ ಬೇಕೇ?

ಸರಕಾರಿ ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಅಡಮಾನ ಕೇಳುತ್ತವೆ; ಪ್ರತಿಷ್ಠಿತ ಸಂಸ್ಥೆಗಳ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಗೆ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಕೃಷಿ ಜಮೀನನ್ನು ಅಡವಿಟ್ಟುಕೊಳ್ಳುವುದು ಅಪರೂಪ. ಬೆಂಗಳೂರಿನ ಬಿ ಖಾತಾ ನಿವೇಶನ ತಂದವರಿಗೂ ಮ್ಯಾನೇಜರ್ ಸುಲಭಕ್ಕೆ ಹೂಂ ಅನ್ನುವುದಿಲ್ಲ. ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಋಣಭಾರ ಪ್ರಮಾಣಪತ್ರ (ಇಸಿ) ಎಂದು ವಾರಗಳು ಉರುಳುವುದರಿಂದ ಪ್ರವೇಶ ಪತ್ರ ಬರುವುದಕ್ಕೆ ಕಾಯದೆ ಆಸ್ತಿ ಪತ್ರಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷಗಳವರೆಗೆ ಬಡ್ಡಿಯ ಮೇಲೆ ವಿನಾಯಿತಿ ಉಂಟು.

ವಿದ್ಯಾರ್ಥಿವೇತನ ಸಿಗುತ್ತದೆಯೇ?

ಬ್ರಿಟಿಷ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಸಿಗುತ್ತದೆ. ಕನಿಷ್ಠ ಎರಡು ವರ್ಷದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಲ್ಲೇ ಕೆಲಸ ಹುಡುಕುವ ಇರಾದೆ ಇರುವವರಿಗೆ ಇದು ಹೊಂದುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ತಪ್ಪದೆ ನೋಡಬೇಕು. ವಿಶ್ವವಿದ್ಯಾಲಯಗಳು ತಾವೇ ಕೊಡುವ ರಿಯಾಯಿತಿಗೆ ಬೇಗ ಅರ್ಜಿ ಹಾಕಿದವರಿಗೆ ಅವಕಾಶ ಹೆಚ್ಚು.

ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ನಿಭಾಯಿಸಬಹುದೇ?

ಪೂರ್ತಿಯಾಗಿ ಆಗುವುದಿಲ್ಲ. ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. 2026ರ ಏಪ್ರಿಲ್‌ನಿಂದ 21 ವರ್ಷ ದಾಟಿದವರ ಕನಿಷ್ಠ ಕೂಲಿ ಗಂಟೆಗೆ 12.71 ಪೌಂಡ್. ಒಂದು ವಾರವೂ ತಪ್ಪದೆ ದುಡಿದರೂ ತಿಂಗಳಿಗೆ ಸುಮಾರು 1,100 ಪೌಂಡ್ ಆಗುತ್ತದೆ. ಲಂಡನ್ನಿನ ಜೀವನಕ್ಕೆ ಸರಕಾರವೇ ಕಟ್ಟಿರುವ ಲೆಕ್ಕ 1,529 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಬೇಸಗೆಯಲ್ಲಿ ತರಗತಿ ಇಲ್ಲವೆಂದು ಪೂರ್ಣಾವಧಿ ಕೆಲಸಕ್ಕೆ ಸೇರುವುದು ಅಪಾಯಕಾರಿ, ಏಕೆಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯುವ ಆ ತಿಂಗಳುಗಳೂ ಸಾಮಾನ್ಯವಾಗಿ ಓದಿನ ಅವಧಿಯೆಂದೇ ಗಣನೆಯಾಗುತ್ತವೆ. ಸ್ವಂತ ವ್ಯಾಪಾರಕ್ಕೂ ಅನುಮತಿ ಇಲ್ಲ. ಆಪ್ ಮೂಲಕ ಸೈಕಲ್‌ನಲ್ಲಿ ಊಟ ತಲುಪಿಸುವ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುವುದರಿಂದ ಅದೂ ನಿಷಿದ್ಧ.

ಗಂಡ ಅಥವಾ ಹೆಂಡತಿಯನ್ನು ಜೊತೆಗೆ ಕರೆದೊಯ್ಯಬಹುದೇ?

2024ರ ಜನವರಿಯಿಂದ ಈಚೆಗೆ ಶುರುವಾದ ಎಂಬಿಎ, ಎಂಎಸ್ಸಿಯಂಥ ಬೋಧನಾ ಪದವಿಗಳಿಗೆ ಅವಲಂಬಿತರ ವೀಸಾ ಇಲ್ಲ. ಸರಕಾರಿ ವಿದ್ಯಾರ್ಥಿವೇತನ ಪಡೆದವರಿಗೆ ಮತ್ತು ಸಂಶೋಧನಾ ಪದವಿಗಳಿಗೆ ವಿನಾಯಿತಿ ಉಂಟು.

ಪಾಠ ಮತ್ತು ಮೌಲ್ಯಮಾಪನ ನಮ್ಮಲ್ಲಿಗಿಂತ ಹೇಗೆ ಬೇರೆ?

ಬ್ರಿಟನ್ನಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ 180 ಕ್ರೆಡಿಟ್‌ಗಳದ್ದು. ಉತ್ತೀರ್ಣಕ್ಕೆ 50, ಮೆರಿಟ್‌ಗೆ 60, ಡಿಸ್ಟಿಂಕ್ಷನ್‌ಗೆ 70 ಅಂಕ. ಊರಿನಲ್ಲಿ ಎಂಬತ್ತೈದು ತೊಂಬತ್ತು ತೆಗೆದು ರೂಢಿಯಾದವರು ಮೊದಲ ಅಸೈನ್‌ಮೆಂಟಿನ ಮೇಲೆ 64 ಎಂದು ನೋಡಿ ಕಂಗಾಲಾಗುತ್ತಾರೆ. ಅದು ಒಳ್ಳೆಯ ಅಂಕ, 75 ದಾಟುವುದು ವಿರಳ. ಅಂಕದ ಕೆಳಗಿನ ಷರಾವನ್ನು ಓದಿದರೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ. ‘ಸಿದ್ಧಾಂತವನ್ನು ಚೆನ್ನಾಗಿ ವಿವರಿಸಿದ್ದೀರಿ, ಆದರೆ ಈ ಕಂಪನಿಯ ಸಂದರ್ಭಕ್ಕೆ ಅದು ಏಕೆ ಒಗ್ಗುವುದಿಲ್ಲ ಎಂದು ವಾದಿಸಿಲ್ಲ’ ಎನ್ನುವ ಧಾಟಿಯ ಟಿಪ್ಪಣಿ ಅಲ್ಲಿರುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಪುಟ ತುಂಬಿಸಿದ್ದಕ್ಕೆ ಅಂಕ ಬರುವುದುಂಟು, ಅಲ್ಲಿ ಪದಮಿತಿ ಮೀರಿದರೆ ಅಂಕ ಕಡಿತ. ಬೇರೆಯವರ ವಾಕ್ಯವನ್ನು ಮೂಲ ಹೇಳದೆ ಬಳಸಿದರೆ ತಂತ್ರಾಂಶ ಅದನ್ನು ಎತ್ತಿ ತೋರಿಸುತ್ತದೆ, ವಿಚಾರಣೆಯೂ ನಡೆಯಬಹುದು.

ಕೆಲಸ ಹುಡುಕುವುದನ್ನು ಯಾವಾಗ ಆರಂಭಿಸಬೇಕು?

ವಿಮಾನ ಹತ್ತುವ ಮೊದಲೇ. ಲಂಡನ್ನಿನ ಒಂದು ವರ್ಷದ ಪದವಿಯ ಬಗ್ಗೆ ಈ ಪುಟದಲ್ಲಿ ನಾವು ಒತ್ತಿ ಹೇಳಬೇಕಾದ ಸಂಗತಿ ಯಾವುದಾದರೂ ಇದ್ದರೆ ಅದು ಇದೇ. ದೊಡ್ಡ ಬ್ಯಾಂಕುಗಳು, ಲೆಕ್ಕಪರಿಶೋಧನೆ ಮತ್ತು ಸಲಹಾ ಸಂಸ್ಥೆಗಳು ಮುಂದಿನ ವರ್ಷದ ನೇಮಕಾತಿಗೆ ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಅರ್ಜಿ ಕರೆಯುತ್ತವೆ. ಹಲವು ಕಡೆ ಬಂದ ಅರ್ಜಿಗಳನ್ನು ಬಂದ ಹಾಗೆಯೇ ನೋಡಿ, ಜಾಗ ತುಂಬಿದೊಡನೆ ಬಾಗಿಲು ಹಾಕುತ್ತಾರೆ. ನೀವು ಸೆಪ್ಟೆಂಬರ್ ಕೊನೆಗೆ ಬಂದಿಳಿದು, ಮನೆ ಹುಡುಕಿ, ಬ್ಯಾಂಕ್ ಖಾತೆ ತೆರೆದು, ಮೊದಲ ಗುಂಪು ಚಟುವಟಿಕೆ ಮುಗಿಸುವ ಹೊತ್ತಿಗೆ ನವೆಂಬರ್ ಆಗಿರುತ್ತದೆ. ಎರಡು ವರ್ಷದ ಎಂಬಿಎಯಲ್ಲಿ ನಡುವೆ ಬೇಸಗೆಯ ಇಂಟರ್ನ್‌ಶಿಪ್ ಮಾಡಿ ಅದೇ ಕಂಪನಿಯಲ್ಲಿ ಕೆಲಸ ಗಿಟ್ಟಿಸಬಹುದು. ಒಂದು ವರ್ಷದ ಕೋರ್ಸ್‌ನಲ್ಲಿ ಆ ಮೆಟ್ಟಿಲೇ ಇರುವುದಿಲ್ಲ.

ಹಾಗಾಗಿ ಜೂನ್, ಜುಲೈನಲ್ಲಿ ಊರಲ್ಲಿರುವಾಗಲೇ ಎರಡು ಪುಟ ಮೀರದ ಸಿವಿ ಸಿದ್ಧವಾಗಿರಬೇಕು, ಆನ್‌ಲೈನ್ ಅಂಕಗಣಿತ ಮತ್ತು ತರ್ಕ ಪರೀಕ್ಷೆಗಳ ಅಭ್ಯಾಸ ನಡೆದಿರಬೇಕು, ಕ್ಯಾಮೆರಾ ಎದುರು ತೊಂಬತ್ತು ಸೆಕೆಂಡಿನಲ್ಲಿ ಉತ್ತರ ಹೇಳುವುದು ಒಗ್ಗಿರಬೇಕು. ಪ್ರವೇಶ ಖಚಿತವಾದ ವಿದ್ಯಾರ್ಥಿಗಳಿಗೆ ಕೋರ್ಸ್ ಶುರುವಾಗುವ ಮುಂಚೆಯೇ ಉದ್ಯೋಗ ಮಾರ್ಗದರ್ಶನ ನೀಡುವ ಸಂಸ್ಥೆಗಳಿವೆ. ಆ ಸೌಲಭ್ಯ ಇದೆಯೇ ಎಂಬುದನ್ನು ರ್‍ಯಾಂಕಿಂಗ್‌ಗಿಂತ ಮೊದಲು ವಿಚಾರಿಸಿ. ದೊಡ್ಡ ಯೋಜನೆಗಳ ಗಡುವು ತಪ್ಪಿದರೆ ಎದೆಗುಂದಬೇಕಿಲ್ಲ, ಸಣ್ಣ ಮತ್ತು ಮಧ್ಯಮ ಕಂಪನಿಗಳು ವರ್ಷವಿಡೀ ಜನರನ್ನು ತೆಗೆದುಕೊಳ್ಳುತ್ತವೆ. ಆದರೆ ಅರ್ಜಿ ಹಾಕುವ ಮುನ್ನ, ವೀಸಾ ಪ್ರಾಯೋಜಿಸಲು ಪರವಾನಗಿ ಇರುವ ಉದ್ಯೋಗದಾತರ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿದೆಯೇ ನೋಡಿ. ಸರಕಾರವೇ ಅದನ್ನು ಪ್ರಕಟಿಸುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಓದು ಮುಗಿದ ಮೇಲೆ ಎಷ್ಟು ಕಾಲ ಇರಬಹುದು?

2021ರ ಜುಲೈನಲ್ಲಿ ಆರಂಭವಾದ ಗ್ರ್ಯಾಜುಯೇಟ್ ವೀಸಾ ಎರಡು ವರ್ಷ ಯಾವ ಕೆಲಸ ಮಾಡುವುದಕ್ಕೂ ಅವಕಾಶ ಕೊಡುತ್ತದೆ. 2027ರ ಜನವರಿ 1ರಿಂದ ಅರ್ಜಿ ಸಲ್ಲಿಸುವ ಸ್ನಾತಕೋತ್ತರ ಪದವೀಧರರಿಗೆ ಇದು 18 ತಿಂಗಳಿಗೆ ಇಳಿಯುತ್ತದೆ. ಅದಾದ ಮೇಲೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈನಿಂದ ಇದರ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಹೊಸಬರೆಂಬ ವರ್ಗಕ್ಕೆ ಸೇರುವ ಇತ್ತೀಚಿನ ಪದವೀಧರರಿಗೆ ಅದು 33,400 ಪೌಂಡ್, ಆದರೆ ಆಯಾ ಹುದ್ದೆಗೆ ನಿಗದಿಯಾದ ದರವನ್ನೂ ಜೊತೆಗೆ ನೋಡುತ್ತಾರೆ.

ಸಂದರ್ಶನದಲ್ಲಿ ಉಪಯೋಗಕ್ಕೆ ಬರುವ ಒಂದು ಅಂಶವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವಿದೇಶಿ ನೌಕರರನ್ನು ಪ್ರಾಯೋಜಿಸುವ ದೊಡ್ಡ ಕಂಪನಿ ಒಬ್ಬೊಬ್ಬ ನೌಕರರಿಗೂ ವರ್ಷಕ್ಕೆ 1,320 ಪೌಂಡ್ ಕೌಶಲ ಶುಲ್ಕ ಕಟ್ಟಬೇಕು. ವಿದ್ಯಾರ್ಥಿ ವೀಸಾದಿಂದ ನೇರವಾಗಿ ಸ್ಕಿಲ್ಡ್ ವರ್ಕರ್‌ಗೆ ಬದಲಾಗುವವರ ವಿಷಯದಲ್ಲಿ ಈ ಶುಲ್ಕ ಇಲ್ಲ. ಗ್ರ್ಯಾಜುಯೇಟ್ ವೀಸಾದಿಂದ ಬದಲಾಗುವವರಿಗೆ ಈ ವಿನಾಯಿತಿ ಸಿಗುವುದಿಲ್ಲ. ಸಣ್ಣ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಇದು ಗೊತ್ತಿರಲೇಬೇಕೆಂದೇನಿಲ್ಲ.

ಮನೆ ಹೇಗೆ ಹುಡುಕಬೇಕು?

ಮೊದಲ ವರ್ಷಕ್ಕೆ ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಬಿಡಬೇಡಿ. ಖಾಸಗಿ ಬಾಡಿಗೆಗೆ ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಇಂಗ್ಲೆಂಡಿನ ಕಾನೂನಿನ ಪ್ರಕಾರ ಡಿಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ತೊಡಕು ಬೇರೆ ಕಡೆ ಇದೆ: ಬ್ರಿಟನ್ನಿನಲ್ಲೇ ವಾಸವಾಗಿರುವ ಜಾಮೀನುದಾರರನ್ನು ಮಾಲೀಕರು ಕೇಳುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ತಾವೇ ಜಾಮೀನು ನಿಲ್ಲುವ ಯೋಜನೆ ಹೊಂದಿವೆ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಸ್ಥಳೀಯ ಆಡಳಿತದ ಕೌನ್ಸಿಲ್ ತೆರಿಗೆ ಇರುವುದಿಲ್ಲ, ಆದರೆ ಕೆಲಸಕ್ಕೆ ಹೋಗುವ ಒಬ್ಬರು ಜೊತೆಗಿದ್ದರೂ ಬಿಲ್ ಬರುತ್ತದೆ. ಮನೆಯನ್ನು ಕಣ್ಣಾರೆ ನೋಡದೆ, ಅಥವಾ ನಂಬಿಕಸ್ತರೊಬ್ಬರು ನೋಡಿ ಬಾರದೆ, ಹಣ ಕಳುಹಿಸಲೇಬಾರದು.

ಊಟಕ್ಕೆ, ಕನ್ನಡಕ್ಕೆ ಏನು ಗತಿ?

ಎರಡಕ್ಕೂ ಕೊರತೆ ಇಲ್ಲ. ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ ಕಡೆಯ ಅಂಗಡಿಗಳಲ್ಲಿ ಸೋನಾ ಮಸೂರಿ, ರಾಗಿ ಹಿಟ್ಟು, ಕರಿಬೇವು ಎಲ್ಲ ಸಿಗುತ್ತವೆ. ಕನ್ನಡ ಬಳಗ, ಕನ್ನಡಿಗರು ಯುಕೆ ಮುಂತಾದ ಸಂಘಗಳು ಯುಗಾದಿ, ರಾಜ್ಯೋತ್ಸವ ನಡೆಸುತ್ತವೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಿಂದ ಬಸವಣ್ಣನವರ ಪ್ರತಿಮೆಯೂ ಇದೆ. ಸಂಘದ ಕಾರ್ಯಕ್ರಮಗಳಿಗೆ ಹೋಗುವುದರಿಂದ ಮನಸ್ಸಿಗೆ ಹಿತವಷ್ಟೇ ಅಲ್ಲ, ಅಲ್ಲಿನ ಕಂಪನಿಗಳಲ್ಲಿ ಹತ್ತು ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವವರ ಪರಿಚಯವೂ ಆಗುತ್ತದೆ.

ಮರಳಿ ಬಂದರೆ ಒಂದು ವರ್ಷದ ಪದವಿಗೆ ಭಾರತದಲ್ಲಿ ಮಾನ್ಯತೆ ಇದೆಯೇ?

2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಶೈಕ್ಷಣಿಕ ಅರ್ಹತೆಗಳನ್ನು ಪರಸ್ಪರ ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ಬಗೆಹರಿದಿದೆ. ಖಾಸಗಿ ಕಂಪನಿಗಳು ಇದನ್ನು ಮೊದಲಿನಿಂದಲೂ ಕೇಳುತ್ತಿರಲಿಲ್ಲ. 2004ರಿಂದ ಬೆಂಗಳೂರಿನಲ್ಲಿರುವ ಟೆಸ್ಕೊದಂತೆ ಹಲವು ಬ್ರಿಟಿಷ್ ಕಂಪನಿಗಳು ಇಲ್ಲೇ ದೊಡ್ಡ ಕಚೇರಿಗಳನ್ನು ಹೊಂದಿರುವುದರಿಂದ, ಲಂಡನ್ನಿನಲ್ಲಿ ಓದುವಾಗಲೇ ಎರಡೂ ಕಡೆಯ ಹುದ್ದೆಗಳಿಗೆ ಅರ್ಜಿ ಹಾಕುತ್ತಿರುವುದು ವಿವೇಕದ ನಡೆ.

ಪ್ರವೇಶ ಸಿಕ್ಕಿದೆ, ಆದರೆ ಸಿದ್ಧತೆ ಸಾಲದು ಎನಿಸುತ್ತಿದೆ. ಮುಂದೂಡಬಹುದೇ?

ಹಲವು ಸಂಸ್ಥೆಗಳು ಒಂದು ವರ್ಷದ ಮಟ್ಟಿಗೆ ಮುಂದೂಡಲು ಒಪ್ಪುತ್ತವೆ, ಆದರೆ ಹೊಸ ವರ್ಷದ ಶುಲ್ಕವೇ ಅನ್ವಯವಾಗುತ್ತದೆ ಮತ್ತು ವಿದ್ಯಾರ್ಥಿವೇತನ ಮುಂದಕ್ಕೆ ಬಾರದಿರಬಹುದು. ಸಾಲ ಇನ್ನೂ ಮಂಜೂರಾಗದೆ, ಸಿವಿಯೂ ಬರೆಯದೆ ಆಗಸ್ಟ್ ಬಂದಿದ್ದರೆ, ಇಲ್ಲೇ ಇನ್ನೊಂದು ವರ್ಷ ದುಡಿದು ಹೋಗುವುದೇ ಮೇಲು. ಆ ವರ್ಷದ ಅನುಭವ ಸಿವಿಗೂ ಸೇರುತ್ತದೆ, ಸಂಬಳದ ಉಳಿತಾಯ ಸಾಲದ ಮೊತ್ತವನ್ನೂ ತಗ್ಗಿಸುತ್ತದೆ. ಮುಂದೂಡುವ ಕೋರಿಕೆಯನ್ನು ಸಂಸ್ಥೆ ನಿಗದಿಪಡಿಸಿದ ಗಡುವಿನೊಳಗೆ ಬರವಣಿಗೆಯಲ್ಲಿ ಸಲ್ಲಿಸಿ, ಕಟ್ಟಿದ ಠೇವಣಿ ಮುಂದಿನ ವರ್ಷಕ್ಕೆ ವರ್ಗವಾಗುತ್ತದೆ ಎಂಬ ದೃಢೀಕರಣವನ್ನೂ ಅದೇ ಇಮೇಲ್‌ನಲ್ಲಿ ಕೇಳಿ ಪಡೆಯಬೇಕು. ವೀಸಾ ತಿರಸ್ಕೃತವಾದರೆ ಠೇವಣಿ ಸಾಮಾನ್ಯವಾಗಿ ಹಿಂದಿರುಗುತ್ತದೆ, ವಿದ್ಯಾರ್ಥಿಯೇ ಮನಸ್ಸು ಬದಲಿಸಿದರೆ ಹಿಂದಿರುಗುವುದು ಕಷ್ಟ.